ಬಾವಿಯಲ್ಲಿ ನೇತಾಡುವವನ ಚಿತ್ರ

ಐನಾಪುರ, 21 ಜುಲೈ 2024, ಭಾನುವಾರ

ಕೊನೆಗೂ ಈ ಊರು ಕಣ್ಣು ತೆರೆಯಿತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಬದನೆಕಾಯಿ ಮತ್ತು ಹೂಜಿ ಬರೆಯುವುದನ್ನು ಸಾವಿರಾರು ಮಕ್ಕಳಿಗೆ ಕಲಿಸಿದೆ. ಅಷ್ಟು ದಿನ ಊರು ನನ್ನಿಂದ ಬರೆಸಿಕೊಂಡದ್ದು ಪೋಲಿಯೋ ಹನಿಯ ಘೋಷಣೆ, ಸೊಸಾಯಿಟಿಯ ಬೋರ್ಡು, ಒಮ್ಮೆ ಕಬ್ಬಿನ ಟ್ರಾಲಿಯ ಹಿಂದೆ ಒಂದು ನವಿಲು. ಇವತ್ತು ಮೇಲಿನ ಓಣಿ ಬಸದಿಯ ಕಮಿಟಿಯವರು ಕರೆದು ಹೊಸ ಸಭಾಭವನದ ಗೋಡೆ ತೋರಿಸಿದರು. ಹನ್ನೆರಡು ಅಡಿ ಅಗಲ, ಒಂಬತ್ತು ಅಡಿ ಎತ್ತರ. ಅದರ ಮೇಲೆ ಮಧುಬಿಂದು ಬರೆಯಬೇಕಂತೆ. ಈ ಸಲ ಮುನಿ ಮಹಾರಾಜರ ಚಾತುರ್ಮಾಸ ನಮ್ಮ ಬಸದಿಯಲ್ಲಿ. ಮಳೆಗಾಲದ ನಾಲ್ಕು ತಿಂಗಳು ಇಲ್ಲೇ ಇರುತ್ತಾರೆ, ಅವರು ಹೊರಡುವುದರೊಳಗೆ ಗೋಡೆ ತುಂಬಿರಬೇಕು ಎಂದು ಅಧ್ಯಕ್ಷ ಧರಣೇಂದ್ರ ಹೇಳಿದ.

ಮಧುಬಿಂದು ನಾನು ಚಿಕ್ಕಂದಿನಿಂದ ನೋಡಿದ ಚಿತ್ರ. ಕಾಡಿನಲ್ಲಿ ಆನೆ ಬೆನ್ನಟ್ಟಿದ ಒಬ್ಬ ಮನುಷ್ಯ ಹಾಳುಬಾವಿಗೆ ಬಿದ್ದು, ಆಲದ ಬಿಳಲು ಹಿಡಿದು ನೇತಾಡುತ್ತಿದ್ದಾನೆ. ಕೆಳಗೆ ಬಾಯಿ ತೆರೆದ ನಾಲ್ಕು ಹಾವು. ಮೇಲೆ ಒಂದು ಕಪ್ಪು ಇಲಿ, ಒಂದು ಬಿಳಿ ಇಲಿ ಆ ಬಿಳಲನ್ನೇ ಕಡಿಯುತ್ತಿವೆ. ಆನೆ ಮರ ಅಲ್ಲಾಡಿಸುತ್ತಿದೆ. ಮರದ ಜೇನುಗೂಡಿನಿಂದ ಒಂದೊಂದೇ ಹನಿ ಅವನ ಬಾಯಿಗೆ ಬೀಳುತ್ತಿದೆ. ಆಕಾಶದಲ್ಲಿ ಹೊರಟಿದ್ದ ವಿದ್ಯಾಧರ ದಂಪತಿ ವಿಮಾನ ನಿಲ್ಲಿಸಿ, ಕೈ ಚಾಚಿ, ಬಾ ಎನ್ನುತ್ತಾರೆ. ಇದೊಂದು ಹನಿ ಬೀಳಲಿ, ಬರುತ್ತೇನೆ ಎನ್ನುತ್ತಾನೆ ಅವನು. ಸಂಸಾರವೆಂದರೆ ಇದೇ ಎಂದು ಪ್ರವಚನದಲ್ಲಿ ಹೇಳುತ್ತಾರೆ. ಹೇಳಲಿ, ನನಗಿರುವುದು ಆ ಆನೆಯನ್ನು ಬರೆಯುವ ಆಸೆ.

ಹೊತ್ತು ಮುಳುಗುವ ಮೊದಲು ಊಟಕ್ಕೆ ಕುಳಿತಾಗ ಲಕ್ಷ್ಮಿಬಾಯಿಗೆ ಎಲ್ಲ ಹೇಳಿದೆ. ಮದುವೆಯಾಗಿ ಮೂವತ್ತೆಂಟು ವರ್ಷವಾದ ಹೆಂಡತಿ, ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳು ಚಪಾತಿ ತಿರುವಿ ಹಾಕಿದಳು.

“ಛಲೋ ಆತು ಬಿಡ್ರಿ. ನಂದೂ ಒಂದ ಮಾತ ಐತಿ. ಈ ಚಾತುರ್ಮಾಸದಾಗ ನಾ ಕ್ಷುಲ್ಲಿಕಾ ದೀಕ್ಷಾ ತಗೋಬೇಕಂತ ಮಾಡೇನಿ.”

ಅಂದರೆ ಮನೆ ಬಿಟ್ಟು, ಕೂದಲು ಕಿತ್ತು, ಎರಡು ಬಿಳಿ ಬಟ್ಟೆಯಲ್ಲಿ ಸಂಘದ ಜೊತೆ ಬರಿಗಾಲಲ್ಲಿ ಹೊರಡುವುದು. ಮತ್ತೆ ಮನೆಗೆ ಬರುವುದೆಂಬುದಿಲ್ಲ.

“ಚಪಾತಿ ಹೊತ್ತಾಕತ್ತೈತಿ ನೋಡು” ಎಂದೆ.

ಹೊತ್ತುತ್ತಿರಲಿಲ್ಲ.

25 ಜುಲೈ, ಗುರುವಾರ

ಮರೆತಿರಬಹುದೆಂದು ನಾಲ್ಕು ದಿನ ಸುಮ್ಮನಿದ್ದೆ. ಮರೆತಿರಲಿಲ್ಲ. ಇವತ್ತು ಪ್ರವಚನ ಮುಗಿದ ಮೇಲೆ ಮಹಾರಾಜರ ಮುಂದೆ ತೆಂಗಿನಕಾಯಿ ಇಟ್ಟು ಕೇಳಿಯೇಬಿಟ್ಟಳು. ಮಹಾರಾಜರು ನನ್ನ ಕಡೆ ನೋಡಿದರು. ಗಂಡ ಒಪ್ಪದೆ ದೀಕ್ಷೆ ಕೊಡುವಂತಿಲ್ಲ. ಇನ್ನೂರು ಜನ ಕುತ್ತಿಗೆ ತಿರುಗಿಸಿದರು. ಬೇಡ ಎಂದರೆ ಹೆಂಡತಿಯ ಮೋಕ್ಷಕ್ಕೆ ಅಡ್ಡ ಮಲಗಿದ ಮಾಸ್ತರ ಎಂಬ ಹೆಸರು ಅಥಣಿಯವರೆಗೂ ಹೋಗುತ್ತದೆ. ಹೂಂ ಎಂದರೆ ಏನಾಗುತ್ತದೆ ಎಂಬುದನ್ನು ಬರೆಯಲು ಮನಸ್ಸಿಲ್ಲ.

“ಮಹಾರಾಜ್, ಈ ಮಧುಬಿಂದು ಚಿತ್ರಾನ ನನ್ನ ಸಾಧನಾ ಅದ. ಚಿತ್ರಾ ಮುಗದ ದಿವಸ ನಾನ ಬಂದು ಒಪ್ಪಿಗಿ ಕೊಡ್ತೇನ್ರಿ” ಎಂದೆ.

ಬಾಯಿಂದ ಹೇಗೆ ಬಂತೋ. ಜನ ಜಯಕಾರ ಹಾಕಿದರು. ಹೆಂಡತಿ ದೀಕ್ಷೆಗೆ, ಗಂಡ ಕಲಾಸಾಧನೆಗೆ ಎಂದು ಧರಣೇಂದ್ರನಿಗೆ ಕಣ್ಣೀರೇ ಬಂತು. ಲಕ್ಷ್ಮಿಬಾಯಿ ಮಾತ್ರ ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ ಕೈ ಮುಗಿದಳು.

ಮನೆಗೆ ಬರುವಾಗ ಕಾಲು ಹಗುರಾಗಿದ್ದವು. ದೀಪಾವಳಿಯಾದ ಮೇಲೆ ಮಹಾರಾಜರು ಮುಂದಿನ ಊರಿಗೆ ವಿಹಾರ ಹೊರಡುತ್ತಾರೆ. ಅಲ್ಲಿಯವರೆಗೆ ಚಿತ್ರ ಮುಗಿಯದಿದ್ದರೆ ಆಯಿತು. ಒಂದು ಕೆಲಸ ಮುಗಿಸುವುದು ಕಷ್ಟವಿರಬಹುದು, ಮುಗಿಸದೇ ಇಡುವುದು ಸರಕಾರಿ ಪಗಾರ ತಿಂದವನಿಗೆ ಕಷ್ಟವಲ್ಲ.

2 ಆಗಸ್ಟ್, ಶುಕ್ರವಾರ

ರೇಖೆ ಹಾಕಿದ್ದನ್ನು ನೋಡಲು ಕಮಿಟಿ ಬಂತು. ಖಜಾಂಚಿ ಸುಮೇಧ ಬಹಳ ಹೊತ್ತು ತಲೆ ಓರೆ ಮಾಡಿ ನೋಡಿದ.

“ಮಾಸ್ತರ, ಅಂವಾ ಏನ ತಿನ್ನಾಕತ್ತಾನ?”

“ಜೇನ.”

“ಜೇನ ನಮಗ ನಡಿಯೂದಿಲ್ಲಲ್ರಿ. ಶ್ರಾವಕ ಜೇನ ಮುಟ್ಟಂಗಿಲ್ಲ. ಬಸದಿ ಗ್ವಾಡಿ ಮ್ಯಾಲ ನಮ್ಮ ಮನಷ್ಯಾ ಜೇನ ನೆಕ್ಕಾಕತ್ತಾನಂದ್ರ ನೋಡಿದ ಮಂದಿ ಏನಂತಾರ?”

ಅವನು ನಮಗೆ ಆದರ್ಶವಲ್ಲ, ಎಚ್ಚರಿಕೆ ಎಂದು ಅರ್ಧ ಗಂಟೆ ವಿವರಿಸಿದೆ. ಗಾಣದ ಮನೆಯ ಧರಣೇಂದ್ರ, ಜೇನಿನ ಬದಲು ಜೋನಿಬೆಲ್ಲ ಬೀಳಲಿ ಎಂದ. ಮರದಿಂದ ಬೆಲ್ಲ ಹೇಗೆ ಬೀಳುತ್ತದೆ ಎಂದು ಸುಮೇಧ ಕೇಳಿದ. ಹಾಗಾದರೆ ನೀರೇ ಬೀಳಲಿ, ಆದರೆ ಸೋಸಿದ್ದಿರಬೇಕು ಎಂದ ಇನ್ನೊಬ್ಬ ಸದಸ್ಯ. ಹಾವಿನ ಬಾಯಿಗೆ ಬೀಳುವವನು ನೀರು ಸೋಸಿ ಕುಡಿಯಬೇಕೆಂಬ ಊರು ಇದೊಂದೇ ಇರಬೇಕು.

ರೇಗಿಹೋಗಿತ್ತು. ಎದ್ದು ಹೊರಡುವವನಿದ್ದೆ. ಅಷ್ಟರಲ್ಲಿ ಹೊಳೆಯಿತು, ಈ ಜಗಳ ತೀರಲು ಒಂದು ವಾರವಾದರೂ ಬೇಕು.

“ವಿಷಯಾ ಗಂಭೀರ ಐತಿ. ಶಾಸ್ತ್ರ ಬಲ್ಲವರನ್ನ ಕೇಳಿ ಬರ್ರಿ. ಅಲ್ಲೀತನಾ ನಾ ಬ್ರಶ್ ಮುಟ್ಟೂದಿಲ್ಲ” ಎಂದೆ.

ಇಷ್ಟು ವಿನಯದ ಕಲಾವಿದನನ್ನು ನೋಡಿಯೇ ಇಲ್ಲ ಎಂದು ಸುಮೇಧ ಹೊರಗೆ ಹೇಳುತ್ತಿದ್ದನಂತೆ.

9 ಆಗಸ್ಟ್, ಶುಕ್ರವಾರ

ಜೇನು ಇರಲಿ, ಆದರೆ ಬಣ್ಣ ತಿಳಿಯಾಗಿರಲಿ ಎಂದು ತೀರ್ಮಾನವಾಯಿತು. ಒಂದು ವಾರ ಸಿಕ್ಕಿತು.

ಈಗ ಹೊಸ ತಕರಾರು. ಗೋಡೆಗೆ ದೇಣಿಗೆ ಕೊಟ್ಟವರ ಹೆಸರು ಚಿತ್ರದ ಒಂದೊಂದು ಭಾಗದ ಕೆಳಗೆ ಬರಬೇಕು. ಫ್ಯಾನಿನ ಮೂರು ರೆಕ್ಕೆಗೆ ಮೂರು ದಾನಿಗಳ ಹೆಸರು ಬರೆಸಿದ ಕಮಿಟಿ ಇದು. ವಿಮಾನಕ್ಕೆ ಹನ್ನೊಂದು ಜನ ಮುಂದೆ ಬಂದರು. ಆನೆಗೆ ಇಬ್ಬರು. ಮರ ಒಬ್ಬ ನರ್ಸರಿಯವನಿಗೆ ಹೋಯಿತು. ಇಲಿಗಳಲ್ಲಿ ಬಿಳಿಯದನ್ನು ಒಬ್ಬ ಹಿಡಿದ, ಕರಿಯದನ್ನು ಅವನ ತಮ್ಮನ ತಲೆಗೆ ಕಟ್ಟಿದ. ಹಾವಿಗೆ ಯಾರೂ ಇಲ್ಲ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳೇ ಆ ನಾಲ್ಕು ಹಾವು. ಅದರ ಕೆಳಗೆ ಮನೆತನದ ಹೆಸರು ಹಾಕಿಸಿಕೊಳ್ಳುವವರು ಯಾರು?

ನಾಗರಪಂಚಮಿಯ ಉಂಡಿ ಕೊಡಲು ಎದುರುಮನೆಯ ಮುರಗೆಪ್ಪ ಬಂದಿದ್ದ. ದ್ರಾಕ್ಷಿ ತೋಟದವನು, ಲಿಂಗವಂತ, ನನಗೆ ಬಾಲ್ಯದಿಂದ ಗೆಳೆಯ. ಕೇಳಿ ನಕ್ಕ.

“ಹಾವಿನ ರೊಕ್ಕಾ ನಾ ಕೊಡ್ತೇನಿ ತಗೋ. ನಮ್ಮ ದೇವರು ಕೊರಳಾಗ ಹಾಕ್ಕೊಂಡ ಕುಂತಾನ, ನನಗೇನ ಹೆದರಿಕಿ? ನಮ್ಮ ಮನ್ಯಾಕಿ ಕಸ್ತೂರೆವ್ವನ ಹೆಸರ ಬರಿ. ಲೋಭದ ಹಾವಿನ ಕೆಳಗಽ ಬರಿ.”

ಜೈನ ಬಸದಿಯಲ್ಲಿ ಲಿಂಗವಂತರ ಹಾವು ನಡೆಯುತ್ತದೆಯೇ ಎಂಬುದರ ಮೇಲೆ ಸಭೆ ಕರೆದಿದ್ದಾರೆ. ಮುರಗೆಪ್ಪನಿಗೆ ಒಳ್ಳೆಯದಾಗಲಿ.

16 ಆಗಸ್ಟ್, ಶುಕ್ರವಾರ

ಚಿಕ್ಕೋಡಿಯಿಂದ ಪೂನಮ ಎಂಬ ಹುಡುಗಿ ಕ್ಯಾಮೆರಾ ಹಿಡಿದು ಬಂದಿದ್ದಳು. ಮೊಬೈಲಿನಲ್ಲಿ ಅವಳದೊಂದು ಚಾನೆಲ್ ಇದೆ. ಬಣ್ಣಗಳ ಮೂಲಕ ಆತ್ಮವನ್ನು ಹೇಗೆ ಕಂಡುಕೊಂಡಿರಿ ಎಂದು ಕೇಳಿದಳು. ನಾನು ಹೊಸ ಜುಬ್ಬಾ ಹಾಕಿಕೊಂಡಿದ್ದೆ.

ಕುಂಚ ಹಿಡಿದಾಗ ನಾನು ಇರುವುದಿಲ್ಲ ಎಂದೆ. ಬಣ್ಣವೇ ನನ್ನನ್ನು ಬಳಿಯುತ್ತದೆ ಎಂದೆ. ಪ್ರತಿ ಗೆರೆಯೂ ಒಂದು ನಿರ್ಜರೆ, ಅಷ್ಟಷ್ಟು ಕರ್ಮ ಉದುರುತ್ತದೆ ಎಂದೆ. ನಲವತ್ತು ನಿಮಿಷ ಮಾತಾಡಿದೆ. ಪೂನಮಳಿಗೆ ಬಹಳ ಹಿಡಿಸಿತು, ಕೊನೆಯಲ್ಲಿ ಒಂದು ಗೆರೆ ಎಳೆದು ತೋರಿಸಿ ಸರ್ ಎಂದಳು. ಬಣ್ಣ ಕಲಸಿರಲಿಲ್ಲವಾದ್ದರಿಂದ ಒಣ ಕುಂಚವನ್ನೇ ಗೋಡೆಯ ಮೇಲೆ ಆಡಿಸಿದೆ.

ಲಕ್ಷ್ಮಿಬಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. “ಬರುವಾಗ ಹೆಸರಬ್ಯಾಳಿ ತರೂದ ಮರೀಬ್ಯಾಡ್ರಿ” ಎಂದು ಹೋದಳು.

ರಾತ್ರಿ ನಿಪ್ಪಾಣಿಯಿಂದ ಮಗಳು ಸ್ನೇಹಲ ಫೋನ್ ಮಾಡಿದ್ದಳು. ವಿಡಿಯೋ ನೋಡಿದಳಂತೆ. “ಅಪ್ಪಾ, ಅವ್ವ ಹೋದ ಮ್ಯಾಲ ನೀ ನಮ್ಮ ಮನೀಗೆ ಬಾ” ಎಂದಳು. ಯಾರೂ ಎಲ್ಲಿಗೂ ಹೋಗುತ್ತಿಲ್ಲ ಎಂದು ಹೇಳಿ ಇಟ್ಟೆ.

20 ಆಗಸ್ಟ್, ಮಂಗಳವಾರ

ಆನೆಯ ಸೊಂಡಿಲು ಮೇಲಕ್ಕಿದ್ದರೆ ಶುಭವಂತೆ. ಅಳಿಸಿ ಮೇಲೆತ್ತಿದೆ. ಈಗ ಅದು ಮರವನ್ನು ಹಣೆಯಿಂದ ಗುದ್ದಬೇಕು. ಇನ್ನೂ ಆರು ದಿನ ಸಿಕ್ಕಿತು.

27 ಆಗಸ್ಟ್, ಮಂಗಳವಾರ

ಮನೆಯಲ್ಲಿ ನನಗೆ ಅವಮಾನ ನಡೆದಿದೆ. ಅಕ್ಕಿಗೆ ನೀರೆಷ್ಟು, ಕುಕ್ಕರ್ ಎಷ್ಟು ಸೀಟಿ, ಹಿಟ್ಟು ಎಷ್ಟು ದಿನಕ್ಕೆ ಬೀಸಿಸಬೇಕು ಎಂದು ದಿನಾ ಬೆಳಿಗ್ಗೆ ಪಾಠ. ಮೂವತ್ತೊಂದು ವರ್ಷ ಪಾಠ ಹೇಳಿದವನು ನಾನು. ಬೇಕೆಂದೇ ಅನ್ನ ಕೆಡಿಸುತ್ತೇನೆ. ಅವಳು ಬೇಸರವಿಲ್ಲದೆ ಮತ್ತೊಮ್ಮೆ ತೋರಿಸುತ್ತಾಳೆ. ಬೈದರೆ ಉತ್ತರ ಕೊಡಬಹುದಿತ್ತು.

ಮಧ್ಯಾಹ್ನ ಮುರಗೆಪ್ಪ ಗೋಡೆ ನೋಡಲು ಬಂದ. ಅವನ ಹಾವು ಪಾಸಾಗಿವೆ, ಆದರೆ ಹೆಸರು ಸಣ್ಣ ಅಕ್ಷರದಲ್ಲಿ.

“ಪಾರಿಸ, ವಿಮಾನದಾಗ ಕುಂತಾಕಿ ನಮ್ಮ ಲಕ್ಷ್ಮಿಬಾಯಿ ವೈನಿ ಅಲ್ಲೇನೋ?”

ವಿದ್ಯಾಧರನ ಹೆಂಡತಿ ಎಂದೆ. ಹೆಂಗಸರ ಮೂಗು ಎಲ್ಲ ಒಂದೇ ತರಹ ಇರುತ್ತವೆ, ಡ್ರಾಯಿಂಗ್ ಗೊತ್ತಿಲ್ಲದವರಿಗೆ ಹಾಗೆ ಕಾಣುತ್ತದೆ.

“ಹಂಗಂದ್ರ ಹಂಗ” ಎಂದು ಎದ್ದ. “ಆದ್ರ ಆಕಿ ಕೈ ಚಾಚಿ ಭಾಳ ದಿವಸ ಆತ ನೋಡು. ಕೈ ಸೋತೀತು.”

2 ಸೆಪ್ಟೆಂಬರ್, ಸೋಮವಾರ

ಕಮಿಟಿ ನನಗೆ ಕೈಕೊಟ್ಟಿತು. ಇವತ್ತು ಹತ್ತೂ ಜನ ಬಂದು, ಎಲ್ಲ ಏಕದಮ್ ಬರೋಬ್ಬರ್ ಐತಿ ಎಂದುಬಿಟ್ಟರು. ಒಂದು ತಪ್ಪು ಹೇಳಿ ಎಂದು ನಾನೇ ಗೋಗರೆದೆ. ಇಲಿಯ ಬಾಲ ಉದ್ದವಾಯಿತೇ ಎಂದೆ. ಇಲ್ಲವಂತೆ. ಬಾವಿಯವನ ಮುಖವೊಂದು ಬಾಕಿ. ಎಂಟನೆಯ ತಾರೀಖಿಗೆ ಹತ್ತು ದಿನದ ದಶಲಕ್ಷಣ ಪರ್ವ ಶುರುವಾಗುತ್ತದೆ, ಅಷ್ಟರೊಳಗೆ ಅದನ್ನೂ ಬರೆದುಬಿಡಿ ಎಂದ ಧರಣೇಂದ್ರ. ಮುಖ ಒಂದು ಗಂಟೆಯ ಕೆಲಸ.

ಕುಂಚ ತೊಳೆದಿಟ್ಟೆ. ಮೋಡ ಕವಿದಿದೆ.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಸಭಾಭವನದ ಮಾಳಿಗೆ ಹತ್ತಿದ್ದೆ. ಎಲೆ ಬಿದ್ದಿರುತ್ತವೆ, ಯಾರಾದರೂ ನೋಡಬೇಕಲ್ಲ. ಇದನ್ನು ಬರೆಯುವ ಅಗತ್ಯವಿರಲಿಲ್ಲ.

5 ಸೆಪ್ಟೆಂಬರ್, ಗುರುವಾರ

ಎರಡು ದಿನ ಮಳೆ ಹಿಡಿದಿತ್ತು. ಮಾಳಿಗೆಯ ಮೇಲೆ ನೀರು ನಿಂತು ಗೋಡೆಯೊಳಗೆ ಇಳಿದು, ಚಿತ್ರದ ನಡುಭಾಗ ಉಬ್ಬಿ ಉದುರಿದೆ. ಬಾವಿ, ಬಿಳಲು, ವಿಮಾನ ಯಾವುದೂ ಉಳಿದಿಲ್ಲ. ಪ್ರಕೃತಿಯ ಮುಂದೆ ಯಾರಿಂದ ಏನು ಮಾಡಲಿಕ್ಕಾಗುತ್ತದೆ. ಹೊಸ ಗಿಲಾವು, ಒಣಗುವುದು, ಮತ್ತೆ ರೇಖೆ ಎಂದರೆ ದೀಪಾವಳಿ ದಾಟುತ್ತದೆ.

ಗಿಲಾವು ಮಾಡಿದ ಗೌಂಡಿ ಲಕ್ಷ್ಮಣನನ್ನು ಕರೆಸಿ ಎಲ್ಲರೂ ತರಾಟೆಗೆ ತೆಗೆದುಕೊಂಡರು. ಸಿಮೆಂಟ್ ಕದ್ದಿದ್ದಾನೆ ಎಂದರು. ಅವನು ಗೋಡೆ ಮುಟ್ಟಿ ಮುಟ್ಟಿ ನೋಡುತ್ತಿದ್ದ. ನನ್ನ ಕೈಯಾಗಿನ ಗ್ವಾಡಿ ಸೋರೂದಿಲ್ರಿ ಎಂದು ಅದೊಂದೇ ಮಾತು. ಅವನಿಗೆ ಕೊಡಬೇಕಾಗಿದ್ದ ಕಾಂಪೌಂಡ್ ಕೆಲಸ ಮಿರಜಿನವನಿಗೆ ಕೊಟ್ಟರು.

ಸಂಜೆ ಹಳೆಯ ವಿದ್ಯಾರ್ಥಿಗಳು ಶಿಕ್ಷಕರ ದಿನಾಚರಣೆಗೆ ಕರೆದು ಶಾಲು ಹೊದಿಸಿದರು. ಪ್ರಾಮಾಣಿಕತೆಯ ಬಗ್ಗೆ ಎರಡು ಮಾತು ಆಡಿ ಎಂದರು. ಆಡಿದೆ.

10 ಸೆಪ್ಟೆಂಬರ್, ಮಂಗಳವಾರ

ಪರ್ವದ ಮೂರನೆಯ ದಿನ, ಆರ್ಜವ. ಅಂದರೆ ಒಳಗೊಂದು ಹೊರಗೊಂದು ಇಲ್ಲದ ನೇರ ನಡತೆ.

ಬೆಳಿಗ್ಗೆ ಹಿತ್ತಲಿಗೆ ಹೋದರೆ ಬಟ್ಟೆಯ ಹಗ್ಗದ ಮೇಲೆ ನನ್ನ ಬಣ್ಣದ ಅರಿವೆ ಒಣಗುತ್ತಿತ್ತು. ಮಾಳಿಗೆಯ ಮಳೆನೀರು ಇಳಿಯುವ ಪೈಪಿಗೆ ನಾನು ತುರುಕಿದ್ದ ಅರಿವೆ. ಪರ್ವಕ್ಕೆಂದು ಮಾಳಿಗೆ ಗುಡಿಸಲು ಹೆಂಗಸರು ಹೋಗಿದ್ದರು, ಅವರೊಳಗೆ ಇವಳೂ ಇದ್ದಳು. ಸಾಬೂನು ಹಚ್ಚಿ ಒಗೆದು, ಎರಡು ಕ್ಲಿಪ್ ಹಾಕಿ ಹರವಿದ್ದಾಳೆ.

“ಹರದೈತಿ, ಬ್ಯಾರೇದ ತಗೋರಿ” ಎಂದಳು ನನ್ನ ಮುಖ ನೋಡದೆ.

ಅಷ್ಟೇ. ಎಂಟನೆಯ ತಾರೀಖಿನಿಂದ ಉಪವಾಸ ಕುಳಿತಿದ್ದಾಳೆ. ಬರಿ ಬಿಸಿನೀರು.

13 ಸೆಪ್ಟೆಂಬರ್, ಶುಕ್ರವಾರ

ಆರನೆಯ ದಿನ. ಗೋಡೆ ಹಿಡಿದು ನಡೆಯುತ್ತಾಳೆ. ಅರವತ್ತೊಂದು ವರ್ಷ ವಯಸ್ಸು. ಇವತ್ತು ತಡೆಯಲಾಗಲಿಲ್ಲ.

“ಒಬ್ಬರ ಕರ್ಮಾ ಇನ್ನೊಬ್ಬರು ಉಪಾಸ ಬಿದ್ದು ಕಳ್ಯಾಕ ಬರೂದಿಲ್ಲ. ಶಾಸ್ತ್ರದಾಗ ಬರದೈತಿ” ಎಂದೆ.

“ಗೊತ್ತೈತ್ರಿ. ನಾ ಯಾರ ಕರ್ಮಾನೂ ಕಳ್ಯಾಕ ಕುಂತಿಲ್ಲ. ಕೂಳು ಇಳೀವಲ್ದು, ಅದಕ ಕುಂತೇನಿ.”

ಅಡುಗೆಮನೆಯಲ್ಲಿ ಹೋಗಿ ನಿಂತೆ. ಅನ್ನ ಮಾಡಿದೆ. ಕೆಡಿಸಲು ಮನಸ್ಸಾಗಲಿಲ್ಲ, ಆದರೂ ಕೆಟ್ಟಿತು.

18 ಸೆಪ್ಟೆಂಬರ್, ಬುಧವಾರ

ಪರ್ವ ಮುಗಿಯಿತು. ಎಲ್ಲರೂ ಪಾರಣೆ ಮಾಡಿದರು, ಇವಳು ಮಾಡಲಿಲ್ಲ. ಇನ್ನೂ ಹಸಿವಿಲ್ಲವಂತೆ.

ಇವತ್ತು ಕ್ಷಮಾವಾಣಿ. ವರ್ಷವಿಡೀ ಮಾಡಿದ ತಪ್ಪಿಗೆ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ಮಧ್ಯಾಹ್ನದೊಳಗೆ ನನ್ನ ಮೊಬೈಲಿಗೆ ನೂರಕ್ಕೂ ಹೆಚ್ಚು ಕ್ಷಮೆ ಬಂದು ಬಿದ್ದಿದ್ದವು, ಎಲ್ಲದರಲ್ಲೂ ಒಂದೇ ಕಮಲದ ಹೂವು. ಬಸದಿಯಲ್ಲಿ ಜನ ಎದುರುಬದುರು ಸಾಲಾಗಿ ನಿಂತು ಕೈ ಮುಗಿಯುತ್ತ, “ಉತ್ತಮ ಕ್ಷಮಾ” ಎನ್ನುತ್ತ ಮುಂದೆ ಸರಿಯುತ್ತಿದ್ದರು. ಇಂಥ ದಿನ ಮತ್ತೆ ಸಿಗುವುದಿಲ್ಲ ಎಂದು ನಾನು ಧರಣೇಂದ್ರನ ಮುಂದೆ ನಿಂತೆ.

“ಗ್ವಾಡಿ ಕೆಡಿಸಿದಾಂವ ನಾ. ಮಾಳಿಗಿ ಪೈಪಿಗೆ ಅರಬಿ ತುರುಕಿದ್ದೆ.”

“ಉತ್ತಮ ಕ್ಷಮಾ ಮಾಸ್ತರ. ನಮ್ಮಿಂದಾನೂ ಏನರೆ ಆಗಿದ್ರ ಹೊಟ್ಯಾಗ ಹಾಕ್ಕೋರಿ” ಎಂದು ಅವನು ಆಗಲೇ ನನ್ನ ಪಕ್ಕದವನಿಗೆ ಕೈ ಮುಗಿಯುತ್ತಿದ್ದ.

“ಹಂಗಲ್ಲ ಧರಣೇಂದ್ರ. ಖರೇನ ನಾನ ಮಾಡೇನಿ.”

“ನಾವೂ ಖರೇನ ಕೇಳಾಕತ್ತೇವಲ್ರಿ. ಸರೀರಿ ಸ್ವಲ್ಪ, ಹಿಂದ ಮಂದಿ ಅದಾರ.”

ಸುಮೇಧನಿಗೆ ಹೇಳಿದೆ. ಅವನು ಗದ್ಗದನಾಗಿ ನನ್ನ ಕಾಲು ಮುಟ್ಟಿದ. ಆಮೇಲೆ ಮೈಕಿಗೆ ಹೋಗಿ, ಬಡ ಗೌಂಡಿಯ ತಪ್ಪನ್ನು ಕಲಾವಿದರು ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದಾರೆ, ಕ್ಷಮಾಧರ್ಮವೆಂದರೆ ಇದು ಎಂದು ಸಾರಿಬಿಟ್ಟ. ಚಪ್ಪಾಳೆ ಬಿದ್ದವು. ಊರಿಗೆ ಊರೇ ತಪ್ಪೊಪ್ಪಿಕೊಳ್ಳುವ ದಿನ ಒಬ್ಬನ ತಪ್ಪು ಕೇಳುವವರು ಯಾರೂ ಇರುವುದಿಲ್ಲ ಎಂದು ನನಗೆ ಮೊದಲೇ ತಿಳಿಯಬೇಕಿತ್ತು.

ಅಲ್ಲಿಂದ ಸೀದಾ ಲಕ್ಷ್ಮಣನ ಮನೆಗೆ ಹೋದೆ. ಅವನು ಜೈನನಲ್ಲ. ಕ್ಷಮೆ ಕೇಳಿದರೆ ಏನು ಉತ್ತರ ಕೊಡಬೇಕೆಂದು ಅವನಿಗೆ ಯಾರೂ ಕಲಿಸಿಲ್ಲ. ಹೇಳಿದ್ದನ್ನು ಪೂರ್ತಿ ಕೇಳಿದ. ಅವನ ತಾಯಿ ಸತ್ತೆವ್ವ ಒಳಗಿನಿಂದ ಎದ್ದು ಬಂದು ನಿಂತಳು.

“ನೀವಽ ಏನ್ರಿ ಮಾಸ್ತರ?” ಎಂದ. “ಹದಿಮೂರ ದಿವಸ ಆತು, ಮಂದಿ ನನ್ನ ನೋಡಿ ಹಾದಿ ಬಿಟ್ಟ ಹೋಗಾಕತ್ತಾರ. ನಮ್ಮಪ್ಪ ಕಟ್ಟಿದ್ದು, ನಾ ಕಟ್ಟಿದ್ದು ಒಂದೂ ಸೋರಿಲ್ಲ ಈ ಊರಾಗ. ನಿಮಗ ಏನ ಮಾಡಿದ್ನಿ ನಾ?”

“ಕ್ಷಮಾ ಮಾಡು.”

“ಅದನ್ನ ತಗೊಂಡ ಏನ ಮಾಡ್ಲಿ? ನನ್ನ ಮುಂದ ಹೇಳಿ ಏನ ಆಗೂದೈತಿ. ಮಂದಿ ಮುಂದ ಹೇಳ್ರಿ.”

ಸತ್ತೆವ್ವ ನನಗೆ ಕುಳಿತುಕೊಳ್ಳಿ ಎನ್ನಲೂ ಇಲ್ಲ. ನಾಚಿಕೆಯಾಯಿತು. ಶಾಲೆ ಸೇರಿದಂದಿನಿಂದ ಈ ಊರಿನಲ್ಲಿ ನನ್ನನ್ನು ಯಾರೂ ಹೀಗೆ ನಿಲ್ಲಿಸಿ ಮಾತಾಡಿರಲಿಲ್ಲ.

ಮನೆಗೆ ಬಂದು, ಲಕ್ಷ್ಮಣನಿಗೆ ಹೇಳಿ ಬಂದೆ ಎಂದೆ. ಲಕ್ಷ್ಮಿಬಾಯಿ ಗೋಡೆ ಹಿಡಿದು ಎದ್ದಳು. ಹೆಸರುಬೇಳೆಯ ನೀರು ನಾಲ್ಕು ಚಮಚ ಕುಡಿದಳು.

20 ಸೆಪ್ಟೆಂಬರ್, ಶುಕ್ರವಾರ

ಲಕ್ಷ್ಮಣನನ್ನು ಜೊತೆಗೆ ಕರೆದುಕೊಂಡು ಮನೆ ಮನೆಗೆ ಹೋದೆ. ಅವನು ಪಕ್ಕದಲ್ಲಿ ನಿಂತಿದ್ದರೆ ಯಾರಿಗೂ ಉತ್ತಮ ಕ್ಷಮಾ ಎಂದು ದಾಟಿಸಲು ಆಗುವುದಿಲ್ಲ. ಇಪ್ಪತ್ತೆರಡು ಮನೆ. ಹೇಳಿದೆ, ನಿಂತೆ, ಬಂದೆ. ಒಬ್ಬರಿಗೂ ಆಶ್ಚರ್ಯವಾಗಲಿಲ್ಲ. ನಮಗ ಮೊದಲಽ ಸಂಶೇ ಇತ್ತ ಬಿಡ್ರಿ ಎಂದವರು ಒಂಬತ್ತು ಮನೆಯವರು. ಅವರಲ್ಲಿ ಏಳು ಜನ ಮೊನ್ನೆ ಚಪ್ಪಾಳೆ ಹೊಡೆದವರು.

ಧರಣೇಂದ್ರ ನನ್ನಿಂದ ಗೋಡೆ ಕಿತ್ತುಕೊಳ್ಳುತ್ತಾನೆ ಎಂದುಕೊಂಡಿದ್ದೆ. ಆದರೆ ದಾನಿಗಳ ಹೆಸರು ಆಗಲೇ ಹಾಳೆಯಲ್ಲಿ ಛಾಪಾಗಿವೆಯಂತೆ. “ಮಾಡಿದ್ದ ಉಣ್ರಿ, ಆದ್ರ ವಿಮಾನಾ ಮೊದಲ ಬರೀರಿ” ಎಂದ.

29 ಸೆಪ್ಟೆಂಬರ್, ಭಾನುವಾರ

ಗಿಲಾವು ಮುಗಿಯಿತು. ಲಕ್ಷ್ಮಣನೇ ಮಾಡಿದ. ನಾನು ಒಂಬತ್ತು ದಿನ ಉಸುಕು ಸೋಸಿದೆ, ನೀರು ಹೊತ್ತೆ. ಸೊಂಟ ಎದ್ದು ನಿಲ್ಲುವುದಿಲ್ಲ. ಅವನು ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ. ಇವತ್ತು ಹೋಗುವಾಗ, ಗೋಡೆಗೆ ಅಂಗೈ ಇಟ್ಟು ನೋಡ್ರಿ, ತಂಪು ಹೋದ ಮೇಲೆ ಬಣ್ಣ ಹಚ್ಚ್ರಿ ಎಂದ. ಸಂಜೆಯವರೆಗೂ ಅಂಗೈ ಇಟ್ಟು ಇಟ್ಟು ನೋಡಿದೆ.

6 ಅಕ್ಟೋಬರ್, ಭಾನುವಾರ

ದಿನಾ ಬೆಳಿಗ್ಗೆ ಹೋಗುತ್ತೇನೆ, ಹೊತ್ತು ಮುಳುಗುವ ಮೊದಲು ಬರುತ್ತೇನೆ. ಪೂನಮ ಮತ್ತೆ ಫೋನ್ ಮಾಡಿದ್ದಳು, ಈಗ ಏನನಿಸುತ್ತಿದೆ ಸರ್ ಎಂದು. ಕೆಲಸ ಇದೆ ಎಂದೆ.

ಬಿಳಲಿಗೆ ಒಂದು ದಿನ, ವಿಮಾನಕ್ಕೆ ಎರಡು ದಿನ ಹಿಡಿಯಿತು. ವಿಮಾನದವಳ ಮೂಗನ್ನು ಬದಲಿಸಲಿಲ್ಲ.

9 ಅಕ್ಟೋಬರ್, ಬುಧವಾರ

ಇವತ್ತು ಹನಿ ಬರೆದೆ. ಜೇನಿನ ಬಣ್ಣವನ್ನೇ ಹಾಕಿದೆ, ಯಾರನ್ನೂ ಕೇಳಲಿಲ್ಲ. ಹನ್ನೆರಡು ಅಡಿ ಗೋಡೆಯ ಮೇಲೆ ಅದು ನನ್ನ ಕಿರುಬೆರಳ ಉಗುರಿನಷ್ಟಿದೆ. ಅಷ್ಟಕ್ಕಾಗಿ ಅವನು ಆ ಕೈ ಹಿಡಿಯುವುದಿಲ್ಲ. ಇಷ್ಟು ವರ್ಷ ಅವನನ್ನು ಮೂರ್ಖ ಎಂದೇ ತಿಳಿದಿದ್ದೆ. ಮೂರ್ಖನಲ್ಲ. ಅವನಿಗೆ ಹೆದರಿಕೆ. ಹೊರಗಿನದು ಯಾವುದೂ ಅವನಿಗೆ ಗೊತ್ತಿಲ್ಲ. ಈ ಹನಿಯ ರುಚಿ ಗೊತ್ತಿದೆ, ನಾಳೆಯೂ ಬೀಳುತ್ತದೆ ಎಂಬುದು ಗೊತ್ತಿದೆ. ಪಾಪ, ಅವನ ತೋಳು ಎಷ್ಟು ನೋಯುತ್ತಿರಬೇಕು.

ಕುಂಚ ಕೆಳಗಿಟ್ಟು ಸ್ವಲ್ಪ ಹೊತ್ತು ಅತ್ತೆ. ಬಣ್ಣದ ವಾಸನೆಗೆ ಹಾಗಾಗುತ್ತದೆ.

12 ಅಕ್ಟೋಬರ್, ಶನಿವಾರ

ಚಿತ್ರ ಮುಗಿಯಿತು.

ಮನೆಗೆ ಬಂದು ಹೇಳಿದೆ. ಲಕ್ಷ್ಮಿಬಾಯಿ ಸೆರಗು ಸರಿ ಮಾಡಿಕೊಂಡು ಬಂದು ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. ಬಾವಿಯವನ ಮುಖ ನೋಡಿದಳು. ಅದು ಯಾರ ಮುಖವೂ ಅಲ್ಲ. ಅರವತ್ತಾರು ವರ್ಷದವನು ಯಾರೋ ಒಬ್ಬ, ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು. ಅವನು ಹನಿಯನ್ನು ನೋಡುತ್ತಿಲ್ಲ, ಮೇಲೆ ನೋಡುತ್ತಿದ್ದಾನೆ. ಒಂದು ಕೈ ಬಿಳಲು ಬಿಟ್ಟಿದೆ. ಹಳೆಯ ಚಿತ್ರಗಳಲ್ಲಿ ಹಾಗಿರುವುದಿಲ್ಲ. ಕಮಿಟಿ ಇನ್ನೂ ನೋಡಿಲ್ಲ.

“ಬಿಳಿ ಇಲಿಗೆ ಮೀಸಿ ಬರದಿಲ್ಲ ನೋಡ್ರಿ” ಎಂದಳು.

ನೋಡಿದೆ. ಹೌದು, ಬರೆದಿರಲಿಲ್ಲ.

“ನಾಳೆ ಬರದ್ರೂ ನಡೀತೈತಿ” ಎಂದಳು ಗೋಡೆಯನ್ನೇ ನೋಡುತ್ತ. “ನಾಡದ ಬರದ್ರೂ ನಡೀತೈತಿ.”

“ಬ್ಯಾಡ. ಇಲಿ ಹಂಗ ಇರಲಿ. ಚಿತ್ರಾ ಮುಗದೈತಿ.”

ಅವಳು ತಲೆಯಾಡಿಸಿದಳು. ಇಬ್ಬರೂ ಮಹಾರಾಜರ ಬಳಿಗೆ ಹೋದೆವು. ನನಗೆ ಒಪ್ಪಿಗೆ ಇದೆ ಎಂದೆ. ಅವರು ಮೂರು ಸಲ ಕೇಳಿದರು, ಮೂರು ಸಲವೂ ಹೇಳಿದೆ.

ಮೂವತ್ತೆಂಟು ವರ್ಷದಲ್ಲಿ ಅವಳು ನನ್ನ ಚಿತ್ರದಲ್ಲಿ ತಪ್ಪು ಹುಡುಕಿದ್ದು ಇದೇ ಮೊದಲು. ಹೋಗುವ ಹೊತ್ತಿನಲ್ಲಿ ಇಲಿಯ ಮೀಸೆಯ ಚಿಂತೆ ಯಾಕೆ ಬಂತೋ ತಿಳಿಯಲಿಲ್ಲ.

20 ಅಕ್ಟೋಬರ್, ಭಾನುವಾರ

ದೀಕ್ಷೆಯಾಯಿತು. ಕಾಗವಾಡ, ರಾಯಬಾಗ, ಭೋಜದಿಂದೆಲ್ಲ ಜನ ಬಂದಿದ್ದರು. ಕೂದಲು ಕೀಳುವಾಗ ಅವಳು ಒಮ್ಮೆಯೂ ಕಣ್ಣು ಮುಚ್ಚಲಿಲ್ಲ, ನಾನು ಮುಚ್ಚಿದೆ. ತ್ಯಾಗಕ್ಕಾಗಿ ಎಂದು ನನಗೂ ಒಂದು ಶಾಲು ಹೊದಿಸಿದರು. ಅದರ ಫೋಟೋ ಸರಿ ಬರಲಿಲ್ಲವೆಂದು ಎರಡನೆಯ ಸಲ ಹೊದಿಸಿದರು.

ಹೊಸ ಹೆಸರು ಸೌಮ್ಯಮತಿ ಮಾತಾಜಿ. ಇನ್ನು ನಾನು ಬಹುವಚನದಲ್ಲಿ ಬರೆಯಬೇಕು.

3 ನವೆಂಬರ್, ಭಾನುವಾರ

ನಾಳೆ ಸಂಘ ವಿಹಾರ ಹೊರಡುತ್ತದೆ. ಹದಿನಾಲ್ಕು ದಿನದಿಂದ ಮಾತಾಜಿಯವರು ಆಹಾರಕ್ಕೆ ಬೇರೆ ಬೇರೆ ಮನೆಗಳಿಗೆ ಹೋಗುತ್ತಿದ್ದರು. ನಾನು ದಿನಾ ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದೆ, ಅವರು ದಿನಾ ಮುಂದೆ ಹೋಗುತ್ತಿದ್ದರು. ಯಾವ ಮನೆಯ ಮುಂದೆ ನಿಲ್ಲುವುದೆಂದು ಅವರು ಮನಸ್ಸಿನಲ್ಲೇ ನೇಮ ಹಿಡಿದು ಹೊರಡುತ್ತಾರೆ, ಕೇಳುವಂತಿಲ್ಲ.

ಇವತ್ತೂ ಬೆಳಿಗ್ಗೆ ಎದ್ದು ಮುರಗೆಪ್ಪನ ಬಾವಿಯಿಂದ ನೀರು ಸೇದಿ ತಂದೆ. ಸ್ನೇಹಲ ಬಂದಿದ್ದಳು, ಅಡುಗೆ ನಾನು ಮಾಡುತ್ತೇನೆ ಅಪ್ಪಾ ಎಂದಳು. ಬೇಡ ಎಂದೆ. ಹತ್ತು ಗಂಟೆಗೆ ಒದ್ದೆ ಧೋತರದಲ್ಲಿ ಕಲಶ ಹಿಡಿದು ಬಾಗಿಲಲ್ಲಿ ನಿಂತೆ. ಬಿಳಿ ಬಟ್ಟೆ ಓಣಿಯ ತಿರುವಿನಲ್ಲಿ ಕಂಡಿತು.

“ಹೇ ಮಾತಾಜಿ, ಇಚ್ಛಾಮಿ, ಇಚ್ಛಾಮಿ. ಅತ್ರ ಅತ್ರ, ತಿಷ್ಠ ತಿಷ್ಠ” ಎಂದು ಆಹಾರಕ್ಕೆ ಕರೆದೆ.

ನಿಂತರು.

ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಎಂದು ಹೇಳಬೇಕು. ಹೇಳಿದೆ. ನಾಲಗೆ ತೊಡರಲಿಲ್ಲ. ಅವರು ಒಳಗೆ ಬಂದರು. ಮೊದಲ ಸಲ ಬಂದವರ ಹಾಗೆ ನಾನು ತೋರಿಸಿದ ಕಡೆ ನಡೆದು ಮಣೆಯ ಮೇಲೆ ಕುಳಿತರು. ತಲೆ ಎತ್ತಿ ಎಲ್ಲಿಯೂ ನೋಡಲಿಲ್ಲ. ಊಟದ ಹೊತ್ತಿನಲ್ಲಿ ಅವರು ಮಾತಾಡುವಂತಿಲ್ಲ, ಬೇಕು ಬೇಡ ಹೇಳುವಂತಿಲ್ಲ. ಬೇಡವಾದರೆ ಬಟ್ಟಲ ಮೇಲೆ ಕೈ ಅಡ್ಡ ಹಿಡಿಯುತ್ತಾರೆ, ಅಷ್ಟೇ. ಅನ್ನ, ಬೇಳೆ ಬಡಿಸಿದೆ. ಸ್ವಲ್ಪ ಬಟ್ಟಲ ಹೊರಗೆ ಬಿತ್ತು. ಉಂಡು, ನೀರು ಕುಡಿದು, ಆಶೀರ್ವಾದ ಮಾಡಿ ಎದ್ದು ಹೋದರು.

ಉಳಿದದ್ದಕ್ಕೆ ನಾನು ಕುಳಿತೆ. ಅನ್ನ ಒಳಗೆ ಬೆಂದಿರಲಿಲ್ಲ. ಬೇಳೆಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅವರು ಎರಡು ಸಲ ಹಾಕಿಸಿಕೊಂಡಿದ್ದರು.